ಮಕ್ಕಳ ಪಾಲಿಗೆ ಹೊಲ ಉಳಿಯಬೇಕಾದರೆ

ಭದ್ರಾ ನಾಲೆಯ ನೀರಿನಲ್ಲಿ ಬತ್ತ ಬೆಳೆಯುವ ದಾವಣಗೆರೆ, ಹರಿಹರ ತಾಲ್ಲೂಕುಗಳ ರೈತರು ಮುಂದಿನ ಬೆಳೆಯ ಬೀಜ, ಗೊಬ್ಬರಗಳ ಬಗ್ಗೆ ಮುಂಚೆಯೇ ಯೋಚಿಸುತ್ತಾರೆ. ಆದರೆ ತಾವಿಲ್ಲದಾಗ ಚಿಕ್ಕ ಮಕ್ಕಳ ಗತಿಯೇನೆಂಬ ಯೋಚನೆಯನ್ನು ಅಶುಭವೆಂದು ಮುಂದೂಡುವವರೇ ಹೆಚ್ಚು. ಹಾವು ಕಡಿತ, ಪಂಪ್‌ಸೆಟ್ಟಿನ ವಿದ್ಯುತ್ ಆಘಾತ, ರಸ್ತೆ ಅಪಘಾತಗಳು ಹೇಳಿ ಕೇಳಿ ಬರುವುದಿಲ್ಲ. ಆದ್ದರಿಂದ ಕೆಳಗಿನ ವ್ಯವಸ್ಥೆಗಳನ್ನು ಬದುಕಿರುವಾಗಲೇ ಮಾಡಿಡುವುದು ಅವಶ್ಯಕ.

ವಿಲ್ ಬರೆಯದಿದ್ದರೆ

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ವಿಲ್ ಬರೆಯದೆ ತೀರಿಕೊಂಡ ರೈತನ ಸ್ವಯಾರ್ಜಿತ ಜಮೀನು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಸಲ್ಲುತ್ತದೆ. ಉದಾಹರಣೆಗೆ, 4 ಎಕರೆ ಹೊಂದಿದವನಿಗೆ ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇದ್ದರೆ ತಲಾ 1 ಎಕರೆ. ತಾಯಿಯ ಪಾಲಿನ ಎಕರೆ ಆಕೆಯ ಕಾಲಾನಂತರ ಆಕೆಯ ಬೇರೆ ಮಕ್ಕಳಿಗೂ ಹಂಚಿಹೋಗಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿಯೂ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕಿದೆ. ಮುಸ್ಲಿಂ ಕುಟುಂಬಗಳಿಗೆ ನಿಯಮ ಬೇರೆಯಾದುದರಿಂದ ವಕೀಲರನ್ನು ವಿಚಾರಿಸಬೇಕು.

ವಿಲ್ಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಅವರಿಂದಲೂ ಸಹಿ ಪಡೆಯಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮಾಡಿಸಿದರೆ ಮುಂದಿನ ತಕರಾರು ತಗ್ಗುತ್ತದೆ. ವಿಲ್ಲನ್ನು ಬೇಕೆಂದಾಗ ಬದಲಾಯಿಸಬಹುದು.

ಪೋಷಕರು ಯಾರು?

ತಂದೆ ತೀರಿದರೆ ತಾಯಿಯೇ ಮಕ್ಕಳ ಸಹಜ ಪೋಷಕಿ, ದೊಡ್ಡಪ್ಪ, ಚಿಕ್ಕಪ್ಪಂದಿರಲ್ಲ. ಇಬ್ಬರೂ ಇಲ್ಲವಾದರೆ ಮಕ್ಕಳನ್ನು ನೋಡಿಕೊಳ್ಳಬೇಕಾದವರ ಹೆಸರನ್ನು ಅವರನ್ನು ಕೇಳಿ ಒಪ್ಪಿಸಿ ವಿಲ್ಲಿನಲ್ಲಿಯೇ ಬರೆಯಬಹುದು. ಅಪ್ರಾಪ್ತ ಮಕ್ಕಳ ಹೆಸರಿನ ಸ್ವಂತ ಜಮೀನನ್ನು ತಾಯಿಯೂ ನ್ಯಾಯಾಲಯದ ಮುಂಚಿನ ಅನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಮಗು ಪ್ರಾಪ್ತ ವಯಸ್ಸಿಗೆ ಬಂದ 3 ವರ್ಷಗಳೊಳಗೆ ಆ ಕ್ರಯವನ್ನು ಪ್ರಶ್ನಿಸಬಹುದು. ಆದರೆ ಪಾಲಾಗದ ಅವಿಭಕ್ತ ಕುಟುಂಬದ ಹೊಲಕ್ಕೆ ಈ ರಕ್ಷಣೆ ಇಷ್ಟರ ಮಟ್ಟಿಗೆ ಇಲ್ಲ. ಅದರ ನಿರ್ವಹಣೆ ಕುಟುಂಬದ ಯಜಮಾನನ ಕೈಯಲ್ಲಿರುತ್ತದೆ. ಆದ್ದರಿಂದ ಬಾಯಿಮಾತಿನ ಪಾಲು ಸಾಲದು. ವಿಭಾಗಪತ್ರ ನೋಂದಾಯಿಸಿ, ಪಹಣಿಯಲ್ಲಿ ಹೆಸರು ಬರುವಂತೆ ನೋಡಿಕೊಳ್ಳಬೇಕು.

ಪೌತಿ ಖಾತೆ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಕರ್ನಾಟಕ ಭೂಕಂದಾಯ ಕಾಯಿದೆಯಂತೆ, ವಾರಸುದಾರರು ಹಕ್ಕು ಬಂದ ವಿಚಾರವನ್ನು 3 ತಿಂಗಳೊಳಗೆ ವರದಿ ಮಾಡಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡಬಾರದು. ತೀರಿಕೊಂಡವರ ಹೆಸರಿನಲ್ಲಿಯೇ ಪಹಣಿ ಉಳಿದರೆ ಬೆಳೆ ಸಾಲಕ್ಕೂ ಪರಿಹಾರಕ್ಕೂ ತೊಡಕಾಗುತ್ತದೆ.

ಹಣ ಮತ್ತು ಸಾಲ

ಬ್ಯಾಂಕು, ಸಹಕಾರ ಸಂಘದ ಖಾತೆಗಳಿಗೆ ನಾಮಿನಿ ನೇಮಿಸಬೇಕು. ಬ್ಯಾಂಕಿನ ನಾಮಿನಿ ಹಣವನ್ನು ಪಡೆಯಬಹುದೇ ಹೊರತು ಅದರ ಒಡೆಯನಲ್ಲ; ಹಣ ವಾರಸುದಾರರಿಗೇ ಸೇರಿದ್ದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ 18ರಿಂದ 50 ವರ್ಷದ ಖಾತೆದಾರರು ವರ್ಷಕ್ಕೆ 436 ರೂ. ಕಟ್ಟಿದರೆ, ಮರಣಾನಂತರ ಕುಟುಂಬಕ್ಕೆ 2 ಲಕ್ಷ ರೂ. ದೊರೆಯುತ್ತದೆ. ಸುರಕ್ಷಾ ವಿಮೆಗೆ 20 ರೂ. ಸಾಕು; ಅದು ಅಪಘಾತದ ಮರಣ, ಅಂಗವೈಕಲ್ಯಗಳಿಗೆ ಮಾತ್ರ. ಬೇರೆ ಜೀವವಿಮೆ ಮಾಡಿಸುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಬರೆಸಿದರೆ, ಆ ಹಣವನ್ನು ಸಾಲಗಾರರು ಸಾಮಾನ್ಯವಾಗಿ ಮುಟ್ಟುವಂತಿಲ್ಲ.

ತಂದೆಯ ಸಾಲಕ್ಕೆ ಮಕ್ಕಳು ತಮಗೆ ಬಂದ ಆಸ್ತಿಯ ಮಿತಿಯೊಳಗೆ ಹೊಣೆಗಾರರು. ತಮ್ಮ ಸ್ವಂತ ದುಡಿಮೆಯಿಂದ ತೀರಿಸಬೇಕೆಂಬ ಕಟ್ಟುಪಾಡಿಲ್ಲ. ಕೊಟ್ಟ, ತಂದ ಸಾಲದ ಲೆಕ್ಕವನ್ನು ಬರೆದಿಟ್ಟಿದ್ದರೆ, ಇಲ್ಲದ ಸಾಲದ ಹೆಸರಿನಲ್ಲಿ ವಿಧವೆಯನ್ನು ಯಾರೂ ಹೆದರಿಸಲಾಗದು.

ನೆರವು ಎಲ್ಲಿ?

ಮಹಿಳೆಯರಿಗೂ ಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಬಡ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಡಿ, ನಿಯಮಗಳಿಗೆ ಒಳಪಟ್ಟು, ತಿಂಗಳಿಗೆ 4,000 ರೂ. ಪ್ರಾಯೋಜಕತ್ವವಿದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬೇಕು.

ಪಹಣಿ, ವಿಭಾಗಪತ್ರ, ವಿಲ್, ವಿಮೆ, ಪಾಸ್ ಪುಸ್ತಕ ಮತ್ತು ಸಾಲದ ಚೀಟಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಅದರಲ್ಲಿ ಏನೇನಿದೆಯೆಂದು ಹೆಂಡತಿಗೆ ಓದಿ ಹೇಳಬೇಕು. ಮುಂಗಾರಿನ ಕೆಲಸ ಆರಂಭವಾಗುವ ಮೊದಲು ಈ ಒಂದು ಕೆಲಸ ಮುಗಿಸುವುದು ಲೇಸು.