ಮೀನಿನ ಹುಳುವೂ ನಮ್ಮ ಒಲೆಯೂ

ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಮಿತ್ರರಲ್ಲಿ ಕರಾವಳಿಯವರು ಬಹಳ. ಮೀನಿನ ಮಾತು ಬಂದಿತೆಂದರೆ ಗೋಡೆಯ ಮೇಲಿನ ‘ಮೌನವಾಗಿರಿ’ ಎಂಬ ಫಲಕವನ್ನು ಯಾರೂ ಲೆಕ್ಕಿಸುವುದಿಲ್ಲ. ಈಚೆಗೆ ಒಬ್ಬರು ಕೇಳಿದ ಪ್ರಶ್ನೆ ಇದು: “ಬಂಗಡೆಯ ಹೊಟ್ಟೆ ಸೀಳಿದಾಗ ಬಿಳಿಯ ದಾರದಂತಹ ಹುಳು ಕಂಡಿತು. ಅಂತಹ ಮೀನನ್ನು ಎಸೆಯಬೇಕೋ, ತಿನ್ನಬಹುದೋ?” ನಾನು ವೈದ್ಯನಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೂ ಪ್ರಶ್ನೆ ನಮ್ಮೆಲ್ಲರ ಊಟಕ್ಕೆ ಸಂಬಂಧಿಸಿದ್ದಾದುದರಿಂದ, ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುವೆ. ಹೊಟ್ಟೆಯ ಭಾಗವನ್ನೆಲ್ಲ ತೆಗೆದು ತೊಳೆದು, ಉಳಿದುದನ್ನು ಚೆನ್ನಾಗಿ ಬೇಯಿಸಿದರೆ ಆ ಹುಳುವಿನಿಂದ ರೋಗ ಅಂಟುವ ಭಯವಿಲ್ಲ. ಆದರೆ ಬೇಯಿಸಿದರೂ ಹೋಗದ ಇನ್ನೊಂದು ಅಪಾಯ ಮೀನಿನಲ್ಲುಂಟು. ನಾವು ಹುಳುವಿಗೆ ಹೆದರುತ್ತೇವೆ; ಅದನ್ನು ಮರೆಯುತ್ತೇವೆ.

ಸಮುದ್ರದ ಮೀನಿನಲ್ಲಿ ಕಾಣುವ ಹುಳುಗಳಲ್ಲಿ ಹೆಸರಾದದ್ದು ಅನಿಸಾಕಿಸ್ ಎಂಬುದು. ಇದು ಮೀನು ಹಳಸಿದ್ದರಿಂದ ಹುಟ್ಟಿದ್ದಲ್ಲ. ಆಗ ತಾನೇ ಹಿಡಿದ ಮೀನಿನಲ್ಲಿಯೂ ಇರುವುದುಂಟು. ತಿಮಿಂಗಿಲ, ಡಾಲ್ಫಿನ್ ಮೊದಲಾದವುಗಳ ಹೊಟ್ಟೆ ಇದರ ನಿಜವಾದ ಮನೆ. ಅವುಗಳ ಮಲದೊಡನೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಮರಿಗಳನ್ನು ಸಿಗಡಿಯ ಜಾತಿಯ ಚಿಕ್ಕ ಪ್ರಾಣಿಗಳು ನುಂಗುತ್ತವೆ, ಅವನ್ನು ಮೀನು ನುಂಗುತ್ತದೆ, ಮೀನನ್ನು ತಿಮಿಂಗಿಲ ನುಂಗುತ್ತದೆ. ಹೀಗೆ ಚಕ್ರ ತಿರುಗುತ್ತಿರುತ್ತದೆ. ಮೀನಿನೊಳಗೆ ಅದು ಒಂದೆರಡು ಸೆಂಟಿಮೀಟರು ಉದ್ದವಿದ್ದು, ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಮಲಗಿರುತ್ತದೆ. ಮನುಷ್ಯನ ಹೊಟ್ಟೆಯಲ್ಲಿ ಅದು ಬೆಳೆಯಲಾರದು. ಆದರೆ ಜೀವಸಹಿತ ಒಳಹೊಕ್ಕರೆ ಜಠರದ ಅಥವಾ ಕರುಳಿನ ಗೋಡೆಯನ್ನು ಕೊರೆದು ವಿಪರೀತ ನೋವು, ವಾಂತಿ ಉಂಟುಮಾಡುತ್ತದೆ.

ಈ ಸಂಗತಿ ಹಾಲೆಂಡಿನಲ್ಲಿ ಬೆಳಕಿಗೆ ಬಂದ ಬಗೆ ತಿಳಿಯತಕ್ಕದ್ದು. ಅಲ್ಲಿನ ಜನರಿಗೆ ಹೆರಿಂಗ್ ಎಂಬ ಮೀನನ್ನು ಲಘುವಾಗಿ ಉಪ್ಪು ಹಾಕಿ, ಬೇಯಿಸದೆ ತಿನ್ನುವುದು ಬಲು ಇಷ್ಟ. ಹಾಗೆ ತಿಂದ ಕೆಲವರಿಗೆ ತಟ್ಟನೆ ಹೊಟ್ಟೆನೋವು ಬಂದು ಶಸ್ತ್ರಚಿಕಿತ್ಸೆಯವರೆಗೂ ಹೋಯಿತು. ಇದಕ್ಕೆ ಕಾರಣ ಹೆರಿಂಗಿನ ಹುಳುವೇ ಎಂದು ವಾನ್ ಥೀಲ್ ಮತ್ತು ಅವರ ಸಂಗಡಿಗರು 1960ರಲ್ಲಿ ಪ್ರಕಟಿಸಿದರು. ಮೊದಲು ಮೀನಿನ ಕರುಳನ್ನು ಹಡಗಿನಲ್ಲಿಯೇ ತೆಗೆಯುತ್ತಿದ್ದರು. ಅನಂತರ ಹಾಗೆಯೇ ಮಂಜುಗಡ್ಡೆಯಲ್ಲಿಟ್ಟು ಬಂದರಿಗೆ ತರತೊಡಗಿದರು. ಆಗ ಹುಳು ಕರುಳಿನಿಂದ ಮಾಂಸದೊಳಕ್ಕೆ ಹರಿಯಲು ಅವಕಾಶವಾಯಿತೆಂದು ವಿವರಣೆ ಕೊಟ್ಟರು. 1968ರಲ್ಲಿ ಅಲ್ಲಿನ ಸರಕಾರ, ಅಂತಹ ಹೆರಿಂಗನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ 24 ಗಂಟೆ ಹೆಪ್ಪುಗಟ್ಟಿಸಿಯೇ ಮಾರಬೇಕೆಂದು ಕಾನೂನು ಮಾಡಿತು. ಆ ಮೇಲೆ ಈ ರೋಗ ಅಲ್ಲಿ ಬಹುಮಟ್ಟಿಗೆ ಅಡಗಿತು. ಹಸಿಮೀನು ತಿನ್ನುವ ಜಪಾನಿನಲ್ಲಿ ಮಾತ್ರ ಇಂದಿಗೂ ಇದು ಸಾಮಾನ್ಯವೇ.

ಹೊಳೆ ಕೆರೆಗಳ ಮೀನಿನ ಹುಳುಗಳದು ಬೇರೆ ಬಗೆ. ಇವು ಮನುಷ್ಯನೊಳಗೆ ಮನೆ ಮಾಡಿಕೊಂಡು ವರ್ಷಗಟ್ಟಲೆ ಬಾಳುತ್ತವೆ. ಥೈಲೆಂಡಿನ ಈಶಾನ್ಯ ಭಾಗದಲ್ಲಿ ಕೊಯ್ ಪ್ಲಾ ಎಂಬ ಹಸಿಮೀನಿನ ತಿನಿಸುಂಟು. ಮೀನನ್ನು ಕೊಚ್ಚಿ, ಹುಳಿ ಖಾರ ಬೆರೆಸಿ ತಿನ್ನುತ್ತಾರೆ. ಅದರೊಡನೆ ಹೊಟ್ಟೆ ಸೇರುವ ಒಂದು ಚಪ್ಪಟೆ ಹುಳು ಯಕೃತ್ತಿನ ಪಿತ್ತನಾಳಗಳಲ್ಲಿ ನೆಲೆಸಿ, ಮುಂದೆ ಕ್ಯಾನ್ಸರಿಗೂ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಸಂಸ್ಥೆ 1994ರಲ್ಲಿ ಇದನ್ನು ನಿಶ್ಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು.

ಪರದೇಶದ ಮಾತಾಯಿತು ಎನ್ನಬೇಡಿರಿ. ನಮ್ಮ ದೇಶದ ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳಲ್ಲಿ ತೊರೆಯ ಏಡಿಯನ್ನು ಹಸಿಯಾಗಿಯೋ ಅರೆಬೆಂದಂತೆಯೋ ತಿಂದವರ ಶ್ವಾಸಕೋಶದಲ್ಲಿ ಇನ್ನೊಂದು ಹುಳು ಸೇರಿಕೊಳ್ಳುತ್ತದೆ. ಕೆಮ್ಮು, ಕಫದಲ್ಲಿ ರಕ್ತ, ಲಕ್ಷಣಗಳೆಲ್ಲ ಕ್ಷಯದಂತೆಯೇ. ಆದುದರಿಂದ ಎಷ್ಟೋ ರೋಗಿಗಳು ತಿಂಗಳುಗಟ್ಟಲೆ ಕ್ಷಯದ ಔಷಧ ನುಂಗಿಯೂ ಗುಣ ಕಾಣದೆ ಬಳಲಿದ್ದುಂಟು. ಕಾರಣ ತಿಳಿದರೆ ಪ್ರಾಜಿಕ್ವಾಂಟೆಲ್ ಎಂಬ ಔಷಧವನ್ನು ವೈದ್ಯರು ಎರಡು ಮೂರು ದಿನ ಕೊಟ್ಟರೆ ಸಾಕಾಗುತ್ತದೆ.

ಈ ಎಲ್ಲ ಕಥೆಗಳಲ್ಲಿಯೂ ಸಮಾನವಾದ ಅಂಶ ಒಂದೇ: ಬೆಂಕಿ ಕಾಣದ ಆಹಾರ. ಮೀನಿನ ಒಳಭಾಗವೂ 63 ಡಿಗ್ರಿಯಷ್ಟು ಕಾದರೆ ಹುಳು ಸಾಯುತ್ತದೆ. ಕುದಿಯುವ ಸಾರು 100 ಡಿಗ್ರಿಯ ಹತ್ತಿರವಿರುತ್ತದೆ. ಹುಣಿಸೆ, ಕಾಯಿ, ಮೆಣಸು ಅರೆದು ಮೀನನ್ನು ಕುದಿಸಿ ತಿನ್ನುವ ನಮ್ಮ ಅಜ್ಜಿಯರ ಪದ್ಧತಿ ಹುಳುವಿನ ಮಟ್ಟಿಗೆ ಪೂರ್ಣ ರಕ್ಷಣೆ. ಆದರೆ ಹುಳುವನ್ನು ಕೊಂದದ್ದು ಒಲೆಯೇ ಹೊರತು ಹುಣಿಸೆಯಲ್ಲ, ಮೆಣಸೂ ಅಲ್ಲ. ನಿಂಬೆಯ ರಸ, ವಿನೆಗರ್, ಲಘು ಉಪ್ಪು ಇವುಗಳನ್ನು ನಂಬುವಂತಿಲ್ಲ. ಕಾವಲಿಯ ಮೇಲೆ ದಪ್ಪ ತುಂಡನ್ನು ಜೋರು ಉರಿಯಲ್ಲಿ ಹುರಿದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುವುದುಂಟು. ಈಗ ಮುಂಬಯಿಯ ಹೋಟೆಲುಗಳಲ್ಲಿ ಸುಶಿ ಎಂಬ ಜಪಾನೀ ತಿನಿಸು ದೊರೆಯುತ್ತದೆ. ಅದರಲ್ಲಿ ಹಸಿಮೀನು ಇದ್ದರೆ, ಮೊದಲೇ ಹೆಪ್ಪುಗಟ್ಟಿಸಿದ ಮೀನೇ ಎಂದು ಕೇಳಿಯೇ ತಿನ್ನಬೇಕು. ಕೆಲವರಿಗೆ ಸತ್ತ ಅನಿಸಾಕಿಸ್ ಕೂಡ ಒಗ್ಗದೆ ಮೈಯಲ್ಲಿ ದದ್ದು ಏಳುವುದೆಂಬುದೂ ನೆನಪಿರಲಿ.

ಇನ್ನು ಬೆಂಕಿಗೂ ಬಗ್ಗದ ಅಪಾಯ. ಬಂಗಡೆ, ಬೂತಾಯಿ, ಕೇದರ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಮಂಜುಗಡ್ಡೆಯಿಲ್ಲದೆ ಬೆಚ್ಚಗಿನ ಜಾಗದಲ್ಲಿ ಬಿದ್ದಿದ್ದರೆ, ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮಿನ್ ಎಂಬ ವಿಷವಾಗಿ ಮಾರ್ಪಡಿಸುತ್ತವೆ. ಒಮ್ಮೆ ಹುಟ್ಟಿದ ಈ ವಿಷ ಕುದಿಸಿದರೂ, ಹುರಿದರೂ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈಯಲ್ಲಿ ದದ್ದು ಏಳುತ್ತದೆ, ಎದೆ ಡವಗುಟ್ಟುತ್ತದೆ. “ನನಗೆ ಬಂಗಡೆ ಒಗ್ಗುವುದಿಲ್ಲ” ಎಂದು ಹೇಳಿಕೊಳ್ಳುವವರಲ್ಲಿ ಕೆಲವರಿಗೆ ಒಗ್ಗದಿದ್ದುದು ಮೀನಲ್ಲ, ಆ ದಿನ ಅದು ಬಿಸಿಲಿನಲ್ಲಿ ಕಳೆದ ಹೊತ್ತು. ತಿಂಗಳ ಕೊನೆಯ ವಾರದಲ್ಲಿ, ಸಂಜೆ ಮಾರುಕಟ್ಟೆ ಮುಚ್ಚುವ ವೇಳೆಗೆ ಅಗ್ಗದಲ್ಲಿ ಸಿಕ್ಕ ಮೀನಿಗೆ ಕೈ ಚಾಚುವ ನಮ್ಮಂಥವರಿಗೆ ಇದು ಮುಖ್ಯವಾದ ಮಾತು. ಉಳಿಸಿದ ಹಣಕ್ಕಿಂತ ತಪ್ಪಿದ ದಿನದ ಸಂಬಳವೂ ವೈದ್ಯರ ಖರ್ಚೂ ಹೆಚ್ಚು.

ಆದುದರಿಂದ ಈ ಆರು ಮಾತುಗಳನ್ನು ಗಮನದಲ್ಲಿಡಬಹುದು.

1. ಮಂಜುಗಡ್ಡೆಯಲ್ಲಿಟ್ಟ ಮೀನನ್ನೇ ಕೊಳ್ಳಿರಿ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಒತ್ತಿದ ಮಾಂಸ ಮತ್ತೆ ಮೇಲೇಳಬೇಕು. ಹಿಸ್ಟಮಿನ್ ಇದ್ದರೂ ವಾಸನೆ ಬಾರದಿರಬಹುದು. ಆದುದರಿಂದ ಮೂಗೊಂದನ್ನೇ ನಂಬಬೇಡಿರಿ.

2. ಮೀನು ಕೊಂಡ ಮೇಲೆ ಬೇರೆ ಕೆಲಸಕ್ಕೆ ಸುತ್ತಾಡದೆ ನೇರವಾಗಿ ಮನೆಗೆ ಬನ್ನಿರಿ.

3. ಬಂದ ಕೂಡಲೇ ಹೊಟ್ಟೆಯ ಭಾಗ ತೆಗೆದು ತೊಳೆಯಿರಿ. ಹೊಟ್ಟೆಯ ಪಕ್ಕದ ಮಾಂಸವನ್ನು ಬೆಳಕಿಗೆ ಹಿಡಿದು ನೋಡಿರಿ.

4. ಹಸಿಮೀನು, ಏಡಿ ಕೊಯ್ದ ಚಾಕು, ಮಣೆಗಳನ್ನು ಸೋಪಿನಿಂದ ತೊಳೆಯದೆ ತರಕಾರಿಗೆ ಬಳಸಬೇಡಿರಿ.

5. ಮುಳ್ಳಿನ ಬಳಿಯ ಮಾಂಸ ಬಿಳಿಯಾಗಿ, ಸುಲಭವಾಗಿ ಬಿಡಿಸಿ ಬರುವವರೆಗೆ ಬೇಯಿಸಿರಿ. ಫ್ರಿಜ್ಜಿನ ಸಾಧಾರಣ ತಂಪು ಹುಳುವನ್ನು ಕೊಲ್ಲುವುದಿಲ್ಲ.

6. ಉಳಿದ ಸಾರನ್ನು ರಾತ್ರಿಯಿಡೀ ಹೊರಗಿಡಬೇಡಿರಿ. ಊರಿನಿಂದ ತಂದ ಒಣಮೀನು ಮೆತ್ತಗಾಗಿದ್ದರೆ, ಬೂಸು ಹಿಡಿದಿದ್ದರೆ ಬಿಸಾಡಿರಿ.

ಮೀನು ತಿಂದ ಮೇಲೆ ಉಸಿರಾಟಕ್ಕೆ ಕಷ್ಟವಾದರೆ, ಅಥವಾ ತಡೆಯಲಾರದ ಹೊಟ್ಟೆನೋವು ಬಂದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಯಾವ ಮೀನು, ಎಷ್ಟು ಹೊತ್ತಿಗೆ, ಹೇಗೆ ತಿಂದಿರೆಂಬುದನ್ನು ವೈದ್ಯರಿಗೆ ಹೇಳಲು ಮರೆಯಬಾರದು. ಒಂದೇ ಖೋಲಿಯಲ್ಲಿ ನಾಲ್ಕಾರು ಜನ ಸೇರಿ ಅಡಿಗೆ ಮಾಡಿಕೊಳ್ಳುವ ಮಿತ್ರರು ಮೇಲಿನ ಆರು ಮಾತುಗಳನ್ನು ಬರೆದು ಒಲೆಯ ಬಳಿ ಅಂಟಿಸಿಕೊಂಡರೆ ಉತ್ತಮ.