ನಾಡಕೆಂಪಿನ ಹೆತ್ತವರು

ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದಲ್ಲಿ, ರೋನ್ ನದಿ ಕಣಿವೆಯ ಕಡಿದಾದ ಇಳಿಜಾರುಗಳಲ್ಲಿ, ಗಾರೆಯಿಲ್ಲದೆ ಕಲ್ಲ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳ ಆಸರೆಯಲ್ಲಿ ಒಂದು ಹಳೆಯ ದ್ರಾಕ್ಷಿ ಬೆಳೆಯುತ್ತಿತ್ತು. ಜನ ಅದನ್ನು ‘ರೂಜ್ ದು ಪೇಯಿ’, ಅಂದರೆ ನಾಡಕೆಂಪು ಎನ್ನುತ್ತಿದ್ದರು. ಮಹಾ ಹಟಮಾರಿ ಬಳ್ಳಿ. ಒಂದು ವರ್ಷ ಗೊನೆ ಜೋತರೆ ಮರುವರ್ಷ ಕೈಕೊಡುತ್ತಿತ್ತು; ವೈರಸ್ ರೋಗವೂ ಕಾಡುತ್ತಿತ್ತು. ಬೇಸತ್ತ ಬೆಳೆಗಾರರು ಅದನ್ನು ಕಿತ್ತು ಪಿನೋ ನ್ವಾರ್, ಗಾಮೆ ತಳಿಗಳನ್ನು ನೆಟ್ಟರು. 20ನೇ ಶತಮಾನದ ನಡುವಿಗೆ ನಾಡಕೆಂಪು ಅಳಿವಿನ ಅಂಚು ಮುಟ್ಟಿತ್ತು.

ಕೆಲವರು ಮಾತ್ರ ಪಟ್ಟು ಬಿಡಲಿಲ್ಲ. ಹಳೆಯ ತೋಟಗಳಲ್ಲಿ ಉಳಿದಿದ್ದ ಗಟ್ಟಿ ಬಳ್ಳಿಗಳನ್ನು ಹುಡುಕಿ, ಕಡ್ಡಿ ತಂದು ಮತ್ತೆ ಬೆಳೆಸಿದರು. 1972ರಲ್ಲಿ ಅದಕ್ಕೆ ಹೊಸ ಹೆಸರೂ ಬಂತು: ಕೊರ್ನಲ್ಯಾಂ. ಎಡವಟ್ಟಾದದ್ದು ಅಲ್ಲೇ. ಪರ್ವತದಾಚೆ, ಇಟಲಿಯ ಆಓಸ್ತಾ ಕಣಿವೆಯಲ್ಲಿ ಅದೇ ಹೆಸರಿನ ಬೇರೊಂದು ದ್ರಾಕ್ಷಿ ಆಗಲೇ ಇತ್ತು. ಬಳ್ಳಿ ಉಳಿಯಿತು, ಅದರ ಮೂಲ ಮಾತ್ರ ಇನ್ನಷ್ಟು ಗೋಜಲಾಯಿತು.

ಈ ಗಂಟು ಬಿಡಿಸಲು ಕೂತವರು ವಾಲೆಯವರೇ ಆದ ಸಸ್ಯವಿಜ್ಞಾನಿ ಜೋಸೆ ವುಯಾಮೋ. ಅವರು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕ್ಯಾರೋಲ್ ಮೆರೆಡಿತ್ ಅವರ ಪ್ರಯೋಗಾಲಯ ಸೇರಿದ್ದರು. ಕ್ಯಾಬರ್ನೆ ಸೊವಿನ್ಯೋನ್‌ನ ಹೆತ್ತವರನ್ನು 1997ರಲ್ಲಿ ಪತ್ತೆಹಚ್ಚಿದ್ದ ಪ್ರಯೋಗಾಲಯವದು. ಎಲೆಯ ಅಂಚು, ಗೊನೆಯ ಆಕಾರ ನೋಡಿ ಹೇಳಲಾಗದ್ದನ್ನು ಅಲ್ಲಿ ಡಿಎನ್ಎ ಹೇಳುತ್ತಿತ್ತು. ಎಲೆಯಿಂದ ಡಿಎನ್ಎ ತೆಗೆಯಬೇಕು, ಅದರಲ್ಲಿ ಮರುಕಳಿಸುವ ಪುಟ್ಟ ತುಣುಕುಗಳನ್ನು ಅಳೆಯಬೇಕು, ಆ ಅಳತೆಗಳನ್ನು ಒಂದೊಂದೇ ತಳಿಜೋಡಿಯೊಂದಿಗೆ ತಾಳೆ ನೋಡಬೇಕು. ಪ್ರತಿ ಗುರುತಿನ ಜಾಗದಲ್ಲೂ ಒಂದು ಅಳತೆ ತಾಯಿಯದು, ಇನ್ನೊಂದು ತಂದೆಯದು. ಹಲವು ಜಾಗಗಳಲ್ಲಿ ಹೊಂದಿಕೆಯಾಗದಿದ್ದರೆ ಆ ಜೋಡಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು.

2003ರಲ್ಲಿ ಉತ್ತರ ಪ್ರಕಟವಾಯಿತು. ವಾಲೆಯ ನಾಡಕೆಂಪಿನ ಹೆತ್ತವರು ವಾಲೆಯವರೇ ಅಲ್ಲ! ಪೆಟಿ ರೂಜ್ ಮತ್ತು ಮಯೊಲೆ, ಎರಡೂ ಆಓಸ್ತಾದ ತಳಿಗಳು. ನಡುವೆ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿ.

ಎಂದೋ ಒಂದು ಬೇಸಿಗೆಯಲ್ಲಿ ಒಂದರ ಪರಾಗ ಇನ್ನೊಂದರ ಹೂವಿಗೆ ಬಿದ್ದು, ಬೀಜ ತಾನಾಗಿ ಮೊಳೆತಿತ್ತು. ಯಾರೂ ಮಾಡಿಸಿದ ಸಂಕರವಲ್ಲ ಅದು. ಆಓಸ್ತಾದ ಅಸಲಿ ಕೊರ್ನಲ್ಯಾಂನ ಗುಟ್ಟೂ ರಟ್ಟಾಯಿತು. ವಾಲೆಯಲ್ಲಿ ಅದನ್ನು ‘ಹ್ಯುಮಾನ್ಯ್ ರೂಜ್’ ಎಂದು ಬೆಳೆಯುತ್ತಿದ್ದರು, ಮತ್ತು ಅದು ನಾಡಕೆಂಪಿನದೇ ಕುಡಿ. ಜನ ಗೊತ್ತಿಲ್ಲದೆ ಹೆತ್ತ ಬಳ್ಳಿಗೆ ಮಗುವಿನ ಹೆಸರಿಟ್ಟಿದ್ದರು.

ಕಡ್ಡಿಯಿಂದ ಕಡ್ಡಿಗೆ ಸಾಗಿಬರುವ ದ್ರಾಕ್ಷಿಗೆ ಮುಪ್ಪಿಲ್ಲ, ಹಾಗಾಗಿಯೇ ಶತಮಾನಗಳ ಬಳಿಕವೂ ಹೆತ್ತವರು ಜೀವಂತ ಸಿಕ್ಕರು. ಅಪರೂಪವಾಗಿದ್ದ ಮಯೊಲೆಯನ್ನು ಆಓಸ್ತಾದವರು ಉಳಿಸಿಕೊಳ್ಳದಿದ್ದರೆ ಅರ್ಧ ಉತ್ತರ ಮಣ್ಣುಪಾಲಾಗುತ್ತಿತ್ತು.