ಅಡಿಗೆಮನೆಯ ಗೋಡೆ

ಮುಂಬಯಿ, ಪುಣೆಗಳಲ್ಲಿ ಇಂದು ಏಳುತ್ತಿರುವ ಅನೇಕ ಮನೆಗಳಲ್ಲಿ ಅಡಿಗೆಮನೆಗೂ ನಡುಮನೆಗೂ ನಡುವಣ ಗೋಡೆ ಮರೆಯಾಗುತ್ತಿದೆ. ಈ ಮಾರ್ಪಾಟನ್ನು ಅರಿಯಬೇಕಾದರೆ ಆ ಗೋಡೆಯ ಹಿನ್ನೆಲೆಯನ್ನು ನೋಡಬೇಕು.

೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಯೋಜನೆಗಾಗಿ ಮಾರ್ಗರೇಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿ ಸುಮಾರು ೧.೯ ಮೀಟರು ಅಗಲ, ೩.೪ ಮೀಟರು ಉದ್ದದ ಅಡಿಗೆಮನೆಯನ್ನು ರೂಪಿಸಿದರು. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡಿಗೆಕೋಣೆ ಅವರಿಗೆ ಮಾದರಿಯಾಯಿತು. ಹೆಜ್ಜೆಗಳನ್ನು ಎಣಿಸಿ ಗೃಹಿಣಿಯ ಶ್ರಮವನ್ನು ತಗ್ಗಿಸುವುದೇ ಉದ್ದೇಶ. ಸುಮಾರು ೧೦,೦೦೦ ಮನೆಗಳಲ್ಲಿ ಅದು ನೆಲೆಗೊಂಡಿತು. ಇಂದಿನ ಮಾಡ್ಯುಲರ್ ಅಡಿಗೆಮನೆ ಅದರ ಸಂತತಿಯೇ. ಆದರೆ ಒಬ್ಬರಿಗೆ ಮಾತ್ರ ಎಡೆಯುಳ್ಳ ಆ ಕೋಣೆ ಹೆಂಗಸನ್ನು ಮನೆಮಂದಿಯಿಂದ ಅಗಲಿಸಿತೆಂಬ ಆಕ್ಷೇಪ ತರುವಾಯ ಕೇಳಿಬಂದಿತು. ಗೋಡೆಯಿಲ್ಲದ ಅಡಿಗೆಮನೆ ಈ ಆಕ್ಷೇಪಕ್ಕೆ ಉತ್ತರವೆನ್ನಬಹುದು.

ನಮ್ಮ ಅಡಿಗೆಗೆ ಈ ಉತ್ತರ ಸಾಲದು. ಗೋಡೆಯಿಲ್ಲದೆಡೆ ಒಗ್ಗರಣೆಯ ಘಾಟು ಮನೆಯೆಲ್ಲ ಹಬ್ಬುತ್ತದೆ. ಹೊರಕ್ಕೆ ಕೊಳವೆಯಿಲ್ಲದ ಚಿಮಣಿ ಜಿಡ್ಡನ್ನು ಸೋಸೀತಲ್ಲದೆ ಬಿಸಿಯನ್ನೂ ಆವಿಯನ್ನೂ ಹೊರದೂಡಲಾರದು. ಆದುದರಿಂದ ದೊಡ್ಡ ಮನೆಗಳಲ್ಲಿ ಎರಡು ಅಡಿಗೆಮನೆಗಳುಂಟು: ಮುಂದಿನದು ನೋಟಕ್ಕೆ, ಹಿಂದಿನದು ಹುರಿಯುವುದಕ್ಕೂ ಕರಿಯುವುದಕ್ಕೂ. ಹೀಗಾದಾಗ ಗೋಡೆ ಬಿದ್ದರೂ ದುಡಿಯುವವರು ಮತ್ತೆ ಗೋಡೆಯ ಹಿಂದೆಯೇ ಉಳಿಯುತ್ತಾರೆ.

ಫ್ರಾಂಕ್‌ಫರ್ಟಿನ ಅಡಿಗೆಮನೆಗೆ ನಡುಮನೆಯ ಕಡೆಗೆ ಸರಿಸುವ ಬಾಗಿಲೊಂದಿತ್ತು. ಸಣ್ಣ ಮನೆಗಳಿಗೆ ಇಂದಿಗೂ ಅದೇ ಲೇಸು. ಗಾಜಿನ ಬಾಗಿಲನ್ನು ಒಗ್ಗರಣೆಯ ಹೊತ್ತಿಗೆ ಮುಚ್ಚಿ ಉಳಿದ ಹೊತ್ತು ತೆರೆದಿಡಬಹುದು. ಕಿಟಕಿಯಲ್ಲಿ ಗಾಳಿ ಹೊರದೂಡುವ ಪಂಖವೊಂದಿದ್ದರೆ ಹೊಗೆಯೂ ತೊಲಗೀತು, ಒಲೆಯ ಮುಂದೆ ನಿಂತವರು ಮನೆಯ ಮಾತುಕತೆಯಿಂದ ಹೊರಗುಳಿಯಲಾರರು.